ಇಷ್ಟದ ಕೆಲಸ, ಮನೆ ಜವಾಬ್ದಾರಿ: ಎರಡನ್ನೂ ಒಂದೇ ಹಾಳೆ ಮೇಲೆ ಬರೆಯೋದು ಹೇಗೆ?

"ಕೆಲಸ ಬಿಟ್ಟು ಚಿತ್ರ ಬಿಡಿಸ್ತೀನಿ" ಅಂತ ನಾನು ಮನೆಯಲ್ಲಿ ಹೇಳಿದ್ದು ಒಂದು ಭಾನುವಾರ ರಾತ್ರಿ, ಎಲ್ಲರೂ ಊಟಕ್ಕೆ ಕೂತಿದ್ದಾಗ. ಅದಕ್ಕಿಂತ ಕೆಟ್ಟ ಸಮಯ ಹುಡುಕಿದರೂ ಸಿಗುತ್ತಿರಲಿಲ್ಲ. ಅಪ್ಪ ಕೈಯಲ್ಲಿದ್ದ ತುತ್ತು ತಟ್ಟೆಗೆ ಹಾಕಿ ಎದ್ದು ಹೋದರು. ಅಮ್ಮ ನನ್ನ ಮುಖ ನೋಡಲಿಲ್ಲ. ತಂಗಿ ಮಾತ್ರ "ಯಾವಾಗಿಂದ?" ಅಂತ ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಯಾವಾಗಿಂದ, ಎಷ್ಟು ದಿನ, ಯಾವ ದುಡ್ಡಲ್ಲಿ, ಒಂದೂ ಗೊತ್ತಿರಲಿಲ್ಲ. ಆಸೆ ಇತ್ತು ಅಷ್ಟೇ.

ಆ ರಾತ್ರಿ ಆಗಿ ಏಳು ವರ್ಷ ಆಯಿತು. ನಾನು ಈಗಲೂ ಒಂದು ಕಂಪನಿಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ, ಆದರೆ ವಾರಕ್ಕೆ ನಾಲ್ಕು ದಿನ. ಉಳಿದ ದಿನ ಮಕ್ಕಳ ಪುಸ್ತಕಗಳಿಗೆ ಚಿತ್ರ ಬಿಡಿಸುತ್ತೇನೆ. ದೊಡ್ಡ ಗೆಲುವಿನ ಕಥೆ ಏನಲ್ಲ, ಅಂಥದ್ದು ಬೇಕಿದ್ದರೆ ನೀವು ಬೇರೆ ಕಡೆ ಓದಬೇಕು. ನಾನು ಕಲಿತದ್ದು ಇಷ್ಟು. ಆಸೆಯೋ ಮನೆಯೋ ಅಂತ ಕೇಳಿಕೊಂಡು ಕೂತರೆ ಯಾವ ಉತ್ತರ ಕೊಟ್ಟರೂ ಯಾರಿಗಾದರೂ ನೋವಾಗುತ್ತದೆ. ತಂಗಿ ಕೇಳಿದಂಥ ಪ್ರಶ್ನೆಗಳು, ಅಂದರೆ ಯಾವಾಗ, ಎಷ್ಟು, ಎಲ್ಲಿವರೆಗೆ ಅನ್ನೋವು, ನೋಡೋಕೆ ಸಪ್ಪೆ. ಆದರೆ ಮನೆಯಲ್ಲಿ ಜಗಳ ನಿಂತು ಮಾತು ಶುರುವಾಗೋದು ಅವುಗಳಿಂದಲೇ. ಕೆಳಗಿನ ಹೆಜ್ಜೆಗಳೆಲ್ಲ ಆ ಉತ್ತರಗಳನ್ನು ಹುಡುಕೋಕೆ. ಒಂದು ಹಾಳೆ, ಒಂದು ಪೆನ್ಸಿಲ್ ಇಟ್ಟುಕೊಂಡು ಓದಿ. ಪೆನ್ಸಿಲ್ ಯಾಕೆ ಅಂದರೆ ತುಂಬಾ ಅಳಿಸಬೇಕಾಗುತ್ತದೆ.

ಹೆಜ್ಜೆ 1: ಆಸೆಯನ್ನು ಹತ್ತಿರದಿಂದ ನೋಡಿ

ದೂರದ ಬೆಟ್ಟ ನುಣ್ಣಗೆ. ನಮಗೆ ಕಾಣೋದು ವೇದಿಕೆ, ಚಪ್ಪಾಳೆ, ಮುಖಪುಟದ ಮೇಲಿನ ಹೆಸರು. ಚಿತ್ರ ಬಿಡಿಸೋದು ಅಂದಾಗ ನನ್ನ ತಲೆಯಲ್ಲಿ ಬರೀ ಬಣ್ಣ ಇತ್ತು. ನಿಜವಾದ ಕೆಲಸ ಏನಪ್ಪಾ ಅಂದರೆ ಒಬ್ಬಳೇ ಹುಡುಗಿಯನ್ನು 24 ಪುಟಗಳಲ್ಲಿ, ಹಿಂದಿನಿಂದ, ಪಕ್ಕದಿಂದ, ಅಳುವಾಗ, ಓಡುವಾಗ, ಎಲ್ಲ ಕಡೆ ಅದೇ ಹುಡುಗಿ ಅನ್ನಿಸೋ ಹಾಗೆ ಬಿಡಿಸೋದು. ನಾನು ಮೊದಲ ಸಲ ಬಿಡಿಸಿದಾಗ ಮೂರನೇ ಪುಟದ ಹೊತ್ತಿಗೆ ಅವಳು ಅವಳ ಅಕ್ಕನ ಹಾಗೆ ಕಾಣುತ್ತಿದ್ದಳು, ಒಂಬತ್ತನೇ ಪುಟಕ್ಕೆ ಅಜ್ಜಿಯೇ ಆಗಿಬಿಟ್ಟಿದ್ದಳು.

ಹಾಗಾಗಿ ನಿಮ್ಮ ಆಸೆಯೊಳಗೆ ಬೇಜಾರು ಹಿಡಿಸೋ ಭಾಗ ಯಾವುದು ಅಂತ ಮೊದಲು ಪತ್ತೆ ಮಾಡಿ. ಹಾಡೋದಾದರೆ ಒಂದೇ ಸಾಲನ್ನು ನೂರು ಸಲ ಹಾಡೋದು. ಬರೆಯೋದಾದರೆ ಬರೆದದ್ದನ್ನು ಹೊಡೆದುಹಾಕಿ ತಿದ್ದೋದು. ಸ್ವಂತ ವ್ಯಾಪಾರ ಆದರೆ ಬಾಕಿ ಉಳಿಸಿಕೊಂಡವರಿಗೆ ನಾಚಿಕೆ ಬಿಟ್ಟು ಫೋನ್ ಮಾಡೋದು. ಆ ಭಾಗವನ್ನೇ ಎರಡು ತಿಂಗಳು, ದಿನಾ ಒಂದೇ ಹೊತ್ತಿಗೆ, ಅರ್ಧ ಗಂಟೆ ಮಾಡಿ. ಯಾರಿಗೂ ಹೇಳಬೇಡಿ. ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಯೋ ಕೆಲಸ ಬೇಡ.

ಎರಡು ತಿಂಗಳೇ ಯಾಕೆ? ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪಾ ಲ್ಯಾಲಿ ಮತ್ತು ಜೊತೆಗಾರರು 96 ಜನರ ಮೇಲೆ ಒಂದು ಅಧ್ಯಯನ ಮಾಡಿದ್ದರು. ಹೊಸ ಅಭ್ಯಾಸವೊಂದು ತಾನಾಗಿ ನಡೆಯೋ ಮಟ್ಟಕ್ಕೆ ಬರೋಕೆ ಸುಮಾರು 66 ದಿನ ಬೇಕಾಯಿತು. ಕೆಲವರಿಗೆ 18 ದಿನ ಸಾಕಾಯಿತು, ಇನ್ನು ಕೆಲವರ ಲೆಕ್ಕ 254 ದಿನಕ್ಕೆ ಹೋಯಿತು. ಮಧ್ಯೆ ಒಂದು ದಿನ ತಪ್ಪಿದರೆ ಅಂಥ ನಷ್ಟ ಏನಿಲ್ಲ ಅಂತಲೂ ಕಂಡುಬಂತು. ಒಂದು ದಿನ ತಪ್ಪಿದ ಕೂಡಲೇ "ನನ್ನಿಂದ ಆಗಲ್ಲ" ಅಂತ ಕೈಬಿಡೋರು ಇದನ್ನು ನೆನಪಿಟ್ಟುಕೊಳ್ಳಿ.

ಇನ್ನೊಂದು ಪ್ರಯೋಗದ ಬಗ್ಗೆ ಹೇಳಲೇಬೇಕು. 2018ರಲ್ಲಿ ಪಾಲ್ ಓಕೀಫ್, ಕ್ಯಾರಲ್ ಡ್ವೆಕ್, ಗ್ರೆಗ್ ವಾಲ್ಟನ್ ಅನ್ನೋ ಮೂವರು ಮನಶ್ಶಾಸ್ತ್ರಜ್ಞರು ವಿದ್ಯಾರ್ಥಿಗಳಿಗೆ ಕಪ್ಪುಕುಳಿಗಳ ಬಗ್ಗೆ ಒಂದು ಚೆಂದದ ವಿಡಿಯೊ ತೋರಿಸಿದರು. ಬಹಳಷ್ಟು ಜನರಿಗೆ ಆಸಕ್ತಿ ಹುಟ್ಟಿತು. ಆಮೇಲೆ ಅದೇ ವಿಷಯದ ಬಗ್ಗೆ ಓದೋಕೆ ಕಷ್ಟದ ವಿಜ್ಞಾನ ಲೇಖನ ಕೈಗೆ ಕೊಟ್ಟರು. ಇಷ್ಟ ಅನ್ನೋದು ಒಳಗೆ ಮೊದಲೇ ಸಿದ್ಧವಾಗಿ ಕೂತಿರುತ್ತದೆ, ನಾವು ಹುಡುಕಿಕೊಂಡರೆ ಸಾಕು ಅಂತ ನಂಬಿದವರ ಆಸಕ್ತಿ ಲೇಖನ ಓದಿದ ಮೇಲೆ ಜಾಸ್ತಿ ಕುಸಿಯಿತು. ಇಷ್ಟವನ್ನು ಬೆಳೆಸಿಕೊಳ್ಳಬೇಕು ಅಂದುಕೊಂಡವರದ್ದು ಅಷ್ಟು ಕುಸಿಯಲಿಲ್ಲ. ಮೊದಲ ಕಷ್ಟ ಬಂದ ಕೂಡಲೇ ಇದು ನನ್ನ ದಾರಿಯಲ್ಲ ಅನ್ನಿಸಿದರೆ ಅದು ದಾರಿಯ ತಪ್ಪೋ ನಿಮ್ಮ ನಂಬಿಕೆಯ ತಪ್ಪೋ ಅಂತ ಒಂದು ವಾರ ತಡೆದು ನೋಡಿ.

ಎರಡು ತಿಂಗಳಾದ ಮೇಲೂ ಆ ಅರ್ಧ ಗಂಟೆಗೆ ಕಾಯುತ್ತಿದ್ದರೆ ಮುಂದಿನ ಹೆಜ್ಜೆಗೆ ಹೋಗಿ. ಇಲ್ಲದಿದ್ದರೆ ಇಲ್ಲೇ ನಿಲ್ಲಿಸಿ. ಮನೆಯಲ್ಲಿ ಯುದ್ಧ ಆಗದೆ ಉಳಿಯಿತು, ಅದೂ ಲಾಭವೇ.

ಹೆಜ್ಜೆ 2: ಜವಾಬ್ದಾರಿಗಳನ್ನು ಒಂದೊಂದಾಗಿ ಬರೆಯಿರಿ

"ಮನೆ ಜವಾಬ್ದಾರಿ ಇದೆ" ಅಂತ ಒಟ್ಟಾಗಿ ಹೇಳಿದಾಗ ಅದು ಬೆಟ್ಟದಷ್ಟು ಕಾಣುತ್ತದೆ. ಬಿಡಿಬಿಡಿಯಾಗಿ ಬರೆದರೆ ಅಳತೆಗೆ ಸಿಗುತ್ತದೆ. ನಾನು ಬರೆದಾಗ ಹನ್ನೊಂದು ಬಂದವು. ಮನೆ ಸಾಲದ ಕಂತು, ಅಮ್ಮನ ಔಷಧಿ, ತಂಗಿಯ ಓದು, ಅಪ್ಪನನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗೋದು, ನೆಂಟರ ಮನೆಯಲ್ಲಿ ಕಷ್ಟ ಬಂದಾಗ ನಿಲ್ಲೋದು, ಹೀಗೆ. ದುಡ್ಡಿನದ್ದೊಂದೇ ಬರೆಯಬೇಡಿ. ಹೊತ್ತಿನದ್ದೂ ಬರೆಯಿರಿ, ಏಕೆಂದರೆ ಎಷ್ಟೋ ಮನೆಗಳಲ್ಲಿ ದುಡ್ಡಿಗಿಂತ ಜಾಸ್ತಿ ಬೇಕಾಗೋದು ಆಸ್ಪತ್ರೆಯ ಬೆಂಚಿನ ಮೇಲೆ ಪಕ್ಕದಲ್ಲಿ ಕೂರೋ ಒಬ್ಬ ಮನುಷ್ಯ.

ಬರೆದಾದ ಮೇಲೆ ಪ್ರತಿಯೊಂದರ ಮುಂದೆ ಮೂರರಲ್ಲಿ ಒಂದು ಗುರುತು ಹಾಕಿ. ತಪ್ಪಿಸೋಕೆ ಆಗಲ್ಲ ಅನ್ನೋದು ಒಂದು. ಮನೆಯವರು ಬಾಯಿಬಿಟ್ಟು ಕೇಳಿದ್ದಾರೆ ಅನ್ನೋದು ಎರಡು. ಕೇಳಿಲ್ಲ, ಆದರೆ ಬಯಸುತ್ತಾರೆ ಅಂತ ನಾನೇ ಅಂದುಕೊಂಡಿದ್ದೇನೆ ಅನ್ನೋದು ಮೂರು.

ನನ್ನ ಹನ್ನೊಂದರಲ್ಲಿ ನಾಲ್ಕು ಮೂರನೇ ಗುಂಪಿಗೆ ಬಿದ್ದವು. ತಂಗಿಯ ಓದಿನ ಪೂರ್ತಿ ಖರ್ಚು ನನ್ನದೇ ಅಂತ ವರ್ಷಗಟ್ಟಲೆ ಹೊತ್ತುಕೊಂಡು ತಿರುಗಿದ್ದೆ. ಅವಳನ್ನು ಕೇಳಿದರೆ, ಸಂಜೆ ಹೊತ್ತು ಪಾಠ ಹೇಳಿಕೊಡೋ ಕೆಲಸ ಆಗಲೇ ನೋಡಿಟ್ಟಿದ್ದಳು. "ನೀನು ಬೇಜಾರು ಮಾಡ್ಕೊಳ್ತೀಯ ಅಂತ ಹೇಳಿರಲಿಲ್ಲ" ಅಂದಳು. ನಾನು ಅವಳಿಗಾಗಿ ಸುಮ್ಮನಿದ್ದೆ, ಅವಳು ನನಗಾಗಿ ಸುಮ್ಮನಿದ್ದಳು. ಆದರೆ ಎಲ್ಲರ ಮನೆಯಲ್ಲೂ ಹೀಗೇ ಹಗುರ ಆಗುತ್ತದೆ ಅಂತ ಹೇಳಲಾರೆ. ಕೆಲವರ ಪಟ್ಟಿಯಲ್ಲಿ ಎಲ್ಲವೂ ಮೊದಲನೇ ಗುಂಪಿಗೇ ಬೀಳುತ್ತವೆ. ಹಾಗಿದ್ದರೂ ಬರೆದು ನೋಡೋದು ವಾಸಿ. ಯಾವುದು ಯಾವ ವರ್ಷ ಮುಗಿಯುತ್ತದೆ ಅನ್ನೋದಾದರೂ ಕಾಣುತ್ತದೆ.

ಹೆಜ್ಜೆ 3: ದುಡ್ಡಿನ ಲೆಕ್ಕ

ಇದನ್ನು ಬೇಗ ಹೇಳಿ ಮುಗಿಸುತ್ತೇನೆ, ಏಕೆಂದರೆ ಲೆಕ್ಕ ಕಷ್ಟದ್ದಲ್ಲ, ಕೂತು ಮಾಡೋದೇ ಕಷ್ಟ. ಒಂದು ತಿಂಗಳು ಏನೂ ಹೆಚ್ಚುವರಿ ಇಲ್ಲದೆ ಮನೆ ನಡೆಯೋಕೆ ಎಷ್ಟು ಬೇಕು? ಅದು ಒಂದು ಪಾಲು. ಕಾಯಿಲೆ ಕಸಾಲೆಗೆ ಅಂತ ಮೂರು ಪಾಲು ಬೇರೆ ಇಡಿ, ಅದನ್ನು ಮುಟ್ಟಬೇಡಿ. ಅದರ ಮೇಲೆ ನಿಮ್ಮ ಪ್ರಯೋಗಕ್ಕೆ ಎಷ್ಟು ಪಾಲು ಇದೆಯೋ ಅಷ್ಟು ತಿಂಗಳು ನಿಮಗೆ ಹೊತ್ತು ಇದೆ ಅಂತ. ಇಷ್ಟದ ಕೆಲಸದಿಂದ ಆಗಲೇ ಒಂದಿಷ್ಟು ಬರುತ್ತಿದ್ದರೆ ಚೆನ್ನಾಗಿ ಬಂದ ತಿಂಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ, ತೀರಾ ಕಮ್ಮಿ ಬಂದ ತಿಂಗಳನ್ನು ಹಿಡಿಯಿರಿ.

ಕೆಲಸಕ್ಕೆ ರಾಜೀನಾಮೆ ಬಿಸಾಕಿ ಹೊರಟವರ ಕಥೆ ಕೇಳೋಕೆ ರೋಚಕ. ಆದರೆ 2014ರಲ್ಲಿ ಜೋಸೆಫ್ ರಾಫಿ ಮತ್ತು ಜೀ ಫೆಂಗ್ ಅನ್ನೋ ಸಂಶೋಧಕರು ಅಮೆರಿಕದಲ್ಲಿ ಸ್ವಂತ ಉದ್ಯಮ ಶುರು ಮಾಡಿದವರ ಅಂಕಿಅಂಶ ನೋಡಿದಾಗ, ಇದ್ದ ಕೆಲಸ ಇಟ್ಟುಕೊಂಡೇ ಉದ್ಯಮ ಶುರು ಮಾಡಿ ಆಮೇಲೆ ಪೂರ್ತಿ ಅದಕ್ಕಿಳಿದವರು, ಮೊದಲ ದಿನವೇ ಕೆಲಸ ಬಿಟ್ಟವರಿಗಿಂತ, ಸೋತು ಮುಚ್ಚೋ ಸಂಭವ 33 ಶೇಕಡಾ ಕಮ್ಮಿ ಅಂತ ಕಂಡುಬಂತು. ಹೆದರಿಕೆ ಇರೋರು ಸೋಲುತ್ತಾರೆ ಅನ್ನೋ ಮಾತನ್ನು ನಾನು ಅಂದಿನಿಂದ ಕಿವಿ ಮೇಲೆ ಹಾಕಿಕೊಂಡಿಲ್ಲ. ಸಂಗೀತ ಸಂಯೋಜಕ ಫಿಲಿಪ್ ಗ್ಲಾಸ್ ಪೈಪು, ನಲ್ಲಿ ಜೋಡಿಸುತ್ತಿದ್ದ, ಟ್ಯಾಕ್ಸಿ ಓಡಿಸುತ್ತಿದ್ದ. ಸಂಗೀತದಿಂದಲೇ ಹೊಟ್ಟೆ ತುಂಬೋ ಹೊತ್ತಿಗೆ ಅವನಿಗೆ 41 ಆಗಿತ್ತು. ಅಷ್ಟರೊಳಗೆ 1976ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾ ಭವನದಲ್ಲಿ ಅವನ ಒಪೆರಾ ಪ್ರದರ್ಶನವೂ ಆಗಿತ್ತು. ಅದಾದ ಮೇಲೂ ಅವನು ಟ್ಯಾಕ್ಸಿ ಓಡಿಸಿದ.

ಹೆಜ್ಜೆ 4: ಹೊತ್ತು ಎಲ್ಲಿಂದ ಬರುತ್ತದೆ, ಯಾರಿಂದ ಬರುತ್ತದೆ?

ಬೆಳಿಗ್ಗೆ ಬೇಗ ಏಳಿ ಅಂತ ಹೇಳಿ ಮುಗಿಸಬಹುದಿತ್ತು. ಎಲ್ಲರೂ ಹಾಗೇ ಹೇಳೋದು. ಇಂಗ್ಲಿಷ್ ಕಾದಂಬರಿಕಾರ ಆಂಥೊನಿ ಟ್ರೊಲಪ್ ಉದಾಹರಣೆ ಕೊಡುತ್ತಾರೆ. 1834ರಲ್ಲಿ ಅಂಚೆ ಇಲಾಖೆಗೆ ಗುಮಾಸ್ತನಾಗಿ ಸೇರಿ 1867ರವರೆಗೆ ಅಲ್ಲೇ ದುಡಿದ. ಬೆಳಿಗ್ಗೆ ಐದೂವರೆಗೆ ಮೇಜಿನ ಮುಂದೆ ಕೂತು, ಎದುರಿಗೆ ಗಡಿಯಾರ ಇಟ್ಟುಕೊಂಡು, ಕಾಲು ಗಂಟೆಗೆ 250 ಪದ ಬರೆಯುತ್ತಿದ್ದ. ಒಟ್ಟು 47 ಕಾದಂಬರಿ. ಈ ಕಥೆಯಲ್ಲಿ ಯಾರೂ ಹೇಳದ ಒಂದು ಸಣ್ಣ ವಿಷಯ ಇದೆ. ಅವನನ್ನು ಎಬ್ಬಿಸಿ ಕಾಫಿ ಕೊಡೋಕೆ ಒಬ್ಬ ಮುದುಕ ಆಳು ಇದ್ದ. ಈ ಕೆಲಸಕ್ಕೆ ಟ್ರೊಲಪ್ ಅವನಿಗೆ ವರ್ಷಕ್ಕೆ 5 ಪೌಂಡ್ ಜಾಸ್ತಿ ಕೊಡುತ್ತಿದ್ದ. ಟ್ರೊಲಪ್ ಐದೂವರೆಗೆ ಮೇಜಿನ ಮುಂದೆ ಕೂತ ಅಂದರೆ ಆ ಮುದುಕ ಎಷ್ಟು ಹೊತ್ತಿಗೆ ಎದ್ದಿರಬೇಕು, ಲೆಕ್ಕ ಹಾಕಿ.

ಪ್ರಶ್ನೆ ಇರೋದೇ ಇಲ್ಲಿ. ನಿಮಗೆ ಸಿಗೋ ಆ ಒಂದು ಗಂಟೆಯನ್ನು ಯಾರು ಬಿಟ್ಟುಕೊಡುತ್ತಿದ್ದಾರೆ? ನೀವು ಬಾಗಿಲು ಹಾಕಿಕೊಂಡು ಅಭ್ಯಾಸ ಮಾಡುವಾಗ ಮಗುವನ್ನು ನೋಡಿಕೊಳ್ಳೋರು ಯಾರು, ಪಾತ್ರೆ ತೊಳೆಯೋರು ಯಾರು, ಬಂದವರಿಗೆ ಉತ್ತರ ಹೇಳೋರು ಯಾರು? ಟ್ರೊಲಪ್ ಆ ಋಣಕ್ಕೆ ಒಂದು ಬೆಲೆ ಇಟ್ಟು ಕೊಟ್ಟ. ನಮ್ಮಲ್ಲಿ ಬಹಳ ಜನ ಲೆಕ್ಕಕ್ಕೇ ತೆಗೆದುಕೊಳ್ಳಲ್ಲ.

ಪಾಲ್ ಗೋಗ್ಯಾನ್ ವಿಷಯ ಇದರ ಇನ್ನೊಂದು ತುದಿ. ಪ್ಯಾರಿಸ್ಸಿನಲ್ಲಿ ಷೇರು ವ್ಯವಹಾರದಲ್ಲಿದ್ದ, 1882ರಲ್ಲಿ ಮಾರುಕಟ್ಟೆ ಕುಸಿಯಿತು, ಮರುವರ್ಷದಿಂದ ಪೂರ್ತಿ ಚಿತ್ರಕಾರ ಆದ. ಐದು ಮಕ್ಕಳು. ಹೆಂಡತಿ ಮೆಟ್ ಕೋಪನ್‌ಹೇಗನ್ನಿನ ತವರಿಗೆ ಹೋಗಿ ಫ್ರೆಂಚ್ ಪಾಠ ಹೇಳಿ ಮನೆ ನಡೆಸಿದಳು. ಆ ಚಿತ್ರಗಳನ್ನು ನಾನು ಗಂಟೆಗಟ್ಟಲೆ ನೋಡಿದ್ದೇನೆ, ನನಗೆ ತುಂಬಾ ಇಷ್ಟ. ಆದರೂ ಮನಸ್ಸಿನ ಕರೆಗೆ ಓಗೊಟ್ಟು ಎಲ್ಲ ಬಿಟ್ಟು ಹೋದ ಧೀರ ಅಂತ ಯಾರಾದರೂ ಅವನ ಹೆಸರು ಹೇಳಿದಾಗ, ಆ ಫ್ರೆಂಚ್ ಪಾಠಗಳೇ ನೆನಪಾಗುತ್ತವೆ.

ಅಮೆರಿಕದ ಲೇಖಕಿ ಟೋನಿ ಮಾರಿಸನ್ ಮೊದಲ ಕಾದಂಬರಿ ಬರೆದಾಗ ಇಬ್ಬರು ಸಣ್ಣ ಗಂಡುಮಕ್ಕಳನ್ನು ಒಬ್ಬಳೇ ಸಾಕುತ್ತಿದ್ದಳು, ಜೊತೆಗೆ ಪ್ರಕಾಶನ ಸಂಸ್ಥೆಯಲ್ಲಿ ಸಂಪಾದಕಿಯ ಕೆಲಸ. ಮಕ್ಕಳು ಎದ್ದು "ಅಮ್ಮಾ" ಅನ್ನೋ ಮುಂಚಿನ ಹೊತ್ತು, ಅಂದರೆ ಬೆಳಗಿನ ಐದರ ಸುಮಾರು, ಅವಳ ಪಾಲಿನದು. ಕಾದಂಬರಿ 1970ರಲ್ಲಿ ಬಂತು, ಆಗ ಅವಳಿಗೆ 39. ನೊಬೆಲ್ ಬಂದದ್ದು 1993ರಲ್ಲಿ. ಅವಳು ಆ ಹೊತ್ತನ್ನು ತನ್ನ ನಿದ್ದೆಯಿಂದ ತೆಗೆದಳು, ಮಕ್ಕಳ ಪಾಲಿಂದ ಕಿತ್ತುಕೊಳ್ಳಲಿಲ್ಲ. ಅದೂ ಬಿಟ್ಟಿ ಸಿಕ್ಕಿದ್ದೇನಲ್ಲ, ದೇಹ ಒಂದು ದಿನ ಲೆಕ್ಕ ಕೇಳುತ್ತದೆ.

ಈಗ ಮಾಡಬೇಕಾದ್ದು: ವಾರದ ಏಳು ದಿನಗಳನ್ನು ಅಡ್ಡಕ್ಕೆ ಬರೆಯಿರಿ. ನಿಮಗೆ ಬೇಕಾದ ಗಂಟೆಗಳಿಗೆ ಗೆರೆ ಹಾಕಿ. ಪ್ರತಿ ಗೆರೆಯ ಕೆಳಗೆ ಆ ಹೊತ್ತಲ್ಲಿ ನಿಮ್ಮ ಬದಲು ಕೆಲಸ ಮಾಡೋರ ಹೆಸರು ಬರೆದು, ಅವರಿಗೆ ವಾರದಲ್ಲಿ ಅಷ್ಟೇ ಹೊತ್ತನ್ನು ಯಾವಾಗ ವಾಪಸ್ ಕೊಡುತ್ತೀರಿ ಅಂತಲೂ ಬರೆಯಿರಿ. ನನ್ನ ಹಾಳೆಯಲ್ಲಿ ಎಲ್ಲ ಗೆರೆ ಕೆಳಗೂ "ಅಮ್ಮ" ಅಂತ ಇತ್ತು. ಈಗ ಶನಿವಾರ ಇಡೀ ದಿನ ಅಮ್ಮ ಅಡುಗೆಮನೆಗೆ ಕಾಲಿಡಲ್ಲ. ಮೊದಲ ಎರಡು ವಾರ ಬಾಗಿಲಲ್ಲಿ ನಿಂತು ನನ್ನ ಕೆಲಸದಲ್ಲಿ ತಪ್ಪು ಹುಡುಕಿದರು, ಆಮೇಲೆ ಸುಮ್ಮನಾದರು.

ಹೆಜ್ಜೆ 5: ಮನೆಯವರ ಜೊತೆ ಮಾತು

ಹಾಳೆ ತುಂಬಿದ ಮೇಲೇ ಮಾತು. ಅದಕ್ಕೆ ಮುಂಚೆ ಬೇಡ.

ಎಲ್ಲರೂ ಸೇರಿದಾಗ ಘೋಷಣೆ ಮಾಡಬೇಡಿ. ಹತ್ತು ಜನರ ಮುಂದೆ ತಂದೆ ತಾಯಿ ಹತ್ತು ಜನರಿಗೆ ತಕ್ಕ ಉತ್ತರ ಕೊಡುತ್ತಾರೆ. ಜಗಳ ಆದ ದಿನ ಬೇಡ, ಸಂಬಳ ಖರ್ಚಾಗಿ ಹೋದ ತಿಂಗಳ ಕೊನೆಯಲ್ಲಂತೂ ಬೇಡವೇ ಬೇಡ. ಸೊನ್ನೆಯಿಂದ ಮೇಲೆ ಬಂದ ದೊಡ್ಡವರ ಕಥೆ ಹೇಳಬೇಡಿ. "ಅವರಲ್ಲಿ ಒಬ್ಬ ಗೆದ್ದ, ಉಳಿದವರು ಎಲ್ಲಿ?" ಅಂತ ನಮ್ಮಪ್ಪ ಕೇಳಿದ ಪ್ರಶ್ನೆಗೆ ಇವತ್ತಿಗೂ ನನ್ನ ಹತ್ತಿರ ಉತ್ತರ ಇಲ್ಲ. ಒಬ್ಬೊಬ್ಬರ ಜೊತೆ ಬೇರೆಬೇರೆಯಾಗಿ ಮಾತಾಡಿ, ಏಕೆಂದರೆ ಒಬ್ಬೊಬ್ಬರ ಭಯ ಒಂದೊಂದು ಥರ.

ಎದುರೆದುರು ಕೂತು ಮಾತಾಡೋದಕ್ಕಿಂತ ಪಕ್ಕದಲ್ಲಿ ಕೂತು ಏನಾದರೂ ಕೆಲಸ ಮಾಡುತ್ತಾ ಮಾತಾಡೋದು ಸುಲಭ. ಆ ಭಾನುವಾರ ಆಗಿ ಎಂಟು ತಿಂಗಳಾಗಿತ್ತು. ಅಪ್ಪ ಸಡಿಲಾದ ಕುರ್ಚಿ ಕಾಲಿಗೆ ಸ್ಕ್ರೂ ಬಿಗಿಯುತ್ತಿದ್ದರು, ನಾನು ಕುರ್ಚಿ ಹಿಡಿದುಕೊಂಡಿದ್ದೆ. "ಅಪ್ಪಾ, ನಾನು ಚಿತ್ರ ಬಿಡಿಸಿದರೆ ನಿಮಗೆ ಏನು ಭಯ?" ಅಂತ ಕೇಳಿದೆ. ಒಪ್ಪಿಗೆ ಕೇಳಲಿಲ್ಲ, ವಾದ ಮಾಡಲಿಲ್ಲ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ತಲೆ ಎತ್ತದೆ, "ನಿನಗೆ ಜ್ವರ ಬಂದು ಹದಿನೈದು ದಿನ ಮಲಗಿದರೆ ಆ ತಿಂಗಳ ದುಡ್ಡು ಎಲ್ಲಿಂದ ಬರುತ್ತೆ?" ಅಂದರು.

ಆಮೇಲೆ ತಾವಾಗೇ ಹೇಳಿದರು. ನಮ್ಮ ಅಜ್ಜ ಒಂದು ಸಣ್ಣ ಮುದ್ರಣಾಲಯ ಇಟ್ಟಿದ್ದರಂತೆ, ಕೈಯಲ್ಲಿ ಅಚ್ಚುಮೊಳೆ ಜೋಡಿಸೋ ಕಾಲದ್ದು. ಕೆಲಸದ ಮೇಲೆ ತುಂಬಾ ಪ್ರೀತಿ, ದುಡ್ಡು ವಸೂಲಿ ಮಾಡೋದರಲ್ಲಿ ಸೊನ್ನೆ. ಅಜ್ಜ ಕಾಯಿಲೆ ಬಿದ್ದ ವರ್ಷ ಸಾಲ ಕೊಟ್ಟವರು ಮನೆಗೆ ಬರೋಕೆ ಶುರು ಮಾಡಿದರು. ಆಗ ಅಪ್ಪನಿಗೆ ಹನ್ನೆರಡು ವರ್ಷ. ಬಾಗಿಲಿಗೆ ಹೋಗಿ "ಅಪ್ಪ ಮನೇಲಿಲ್ಲ" ಅಂತ ಹೇಳೋ ಕೆಲಸ ಅವರದ್ದು. ಅಜ್ಜ ಒಳಕೋಣೆಯಲ್ಲಿ ಕೆಮ್ಮು ತಡೆದುಕೊಂಡು ಮಲಗಿರುತ್ತಿದ್ದರು. ಒಂದು ದಿನ ಕೆಮ್ಮು ಬಂದೇಬಿಟ್ಟಿತು. ಬಂದಿದ್ದ ಮನುಷ್ಯ ಏನೂ ಅನ್ನದೆ ಅಪ್ಪನ ಮುಖ ನೋಡಿ ಹೊರಟು ಹೋದನಂತೆ.

ನಾನು ಅಷ್ಟು ವರ್ಷ ಅಪ್ಪನಿಗೆ ಕಲೆ ಅಂದರೆ ಆಗಲ್ಲ ಅಂದುಕೊಂಡಿದ್ದೆ. ಅವರಿಗೆ ಹೆದರಿಕೆ ಇದ್ದದ್ದು ಆ ಬಾಗಿಲಿನದ್ದು. ಗೊತ್ತಾದ ಮೇಲೆ ಕೆಲಸ ಸುಲಭ ಆಯಿತು. ಕಾಯಿಲೆಗೆ ಅಂತ ಇಟ್ಟ ಮೂರು ತಿಂಗಳ ಖರ್ಚನ್ನು ಅಪ್ಪನ ಹೆಸರೂ ಇರೋ ಜಂಟಿ ಖಾತೆಗೆ ಹಾಕಿದೆ, ಪಾಸ್‌ಬುಕ್ ಅವರ ಕೈಗೇ ಕೊಟ್ಟೆ. ಚಿತ್ರಗಳ ಬಗ್ಗೆ ಒಂದು ಮಾತೂ ಆಡಲಿಲ್ಲ. ಆ ಪಾಸ್‌ಬುಕ್ ನನ್ನ ಪರವಾಗಿ ಆಡಿದ ಮಾತನ್ನು ನಾನು ಹತ್ತು ವರ್ಷ ಆಡಿದರೂ ಆಗುತ್ತಿರಲಿಲ್ಲ. ಅಮ್ಮನ ಭಯ ಬೇರೆಯೇ ಇತ್ತು. "ಒಂಟಿಯಾಗಿ ಕೋಣೆಯಲ್ಲಿ ಕೂತು ಕೂತು ಯಾರ ಜೊತೆಗೂ ಸೇರದ ಹಾಗೆ ಆಗಿಬಿಡ್ತೀಯ" ಅಂದರು. ಅದಕ್ಕೆ ಪಾಸ್‌ಬುಕ್ ಏನು ಮಾಡುತ್ತದೆ? ಮೇಜನ್ನು ಕೋಣೆಯಿಂದ ನಡುಮನೆಗೆ ತಂದು ಹಾಕಿದೆ.

ಅಡ್ಡ ಬಂದ ಹಾಗೆ ಕಾಣೋ ತಂದೆ ತಾಯಿ ಒಳಗೊಳಗೆ ಏನು ಮಾಡುತ್ತಿರುತ್ತಾರೋ ನಮಗೆ ಗೊತ್ತಿರಲ್ಲ. 1901ರಲ್ಲಿ ಐನ್‌ಸ್ಟೀನ್‌ಗೆ ಕೆಲಸ ಸಿಗದೆ ಒದ್ದಾಡುತ್ತಿದ್ದಾಗ ಅವನ ತಂದೆ ಹರ್ಮನ್, ಮಗನಿಗೆ ಹೇಳದೆ, ಲೈಪ್‌ಜಿಗ್‌ನ ಪ್ರೊಫೆಸರ್ ಆಸ್ಟ್‌ವಾಲ್ಡ್‌ಗೆ ಪತ್ರ ಬರೆದು ಬೇಡಿಕೊಂಡಿದ್ದ: ನನ್ನ ಮಗನಿಗೆ ಎರಡು ಉತ್ತೇಜನದ ಮಾತು ಬರೆಯಿರಿ, ಸಾಧ್ಯವಾದರೆ ಒಂದು ಸಹಾಯಕನ ಕೆಲಸ ಕೊಡಿಸಿ ಅಂತ. ಮರುವರ್ಷ ಮಗನಿಗೆ ಬರ್ನ್ ನಗರದ ಪೇಟೆಂಟ್ ಕಚೇರಿಯಲ್ಲಿ ಕೆಲಸ ಸಿಕ್ಕಿತು, ಅದೇ ವರ್ಷ ಹರ್ಮನ್ ತೀರಿಕೊಂಡ. 1905ರಲ್ಲಿ ಆ ಕಚೇರಿಯಲ್ಲಿದ್ದುಕೊಂಡೇ ಮಗ ಬರೆದ ಪ್ರಬಂಧಗಳನ್ನು ಅವನು ನೋಡಲೇ ಇಲ್ಲ.

ಮಾತಾಡುವಾಗ ಮೂರು ವಿಷಯ ಹೇಳಿ: ಏನು ಬದಲಾಗಲ್ಲ, ಏನು ಬದಲಾಗುತ್ತೆ, ಯಾವ ದಿನ ಮತ್ತೆ ಕೂತು ನೋಡೋಣ. "ಸಾಲದ ಕಂತು, ಔಷಧಿ ಹಾಗೇ ನಡೆಯುತ್ತೆ. ಭಾನುವಾರ, ಬುಧವಾರ ಸಂಜೆ ನಾನು ಸಿಗಲ್ಲ. ಆರು ತಿಂಗಳಾದ ಮೇಲೆ ಇದೇ ಹಾಳೆ ಇಟ್ಟುಕೊಂಡು ಮಾತಾಡೋಣ." ಇಷ್ಟೇ ಸಾಕು. ಕನಸು, ಆತ್ಮತೃಪ್ತಿ, ಇವೆಲ್ಲ ನಿಮ್ಮೊಳಗೇ ಇರಲಿ.

"ಜನ ಏನಂತಾರೆ" ಅಂದರೆ ನಗಬೇಡಿ, ಅದೂ ನಿಜವಾದ ಕಷ್ಟವೇ, ಆ ಪ್ರಶ್ನೆಯನ್ನು ದಿನಾ ಎದುರಿಸೋರು ನೀವಲ್ಲ, ಅವರು. ಯಾರಾದರೂ ಕೇಳಿದರೆ ಹೇಳೋಕೆ ಅವರ ಕೈಗೆ ಒಂದು ಸಾಲು ಕೊಡಿ. ನಮ್ಮಮ್ಮ "ಕಂಪನಿ ಕೆಲಸಾನೂ ಇದೆ, ಪುಸ್ತಕದ ಕೆಲಸಾನೂ ಇದೆ" ಅನ್ನುತ್ತಾರೆ. ಕೇಳಿದವರು ಮುಂದೆ ಕೇಳಲ್ಲ.

ಎಲ್ಲ ಮನೆಯಲ್ಲೂ ಮಾತು ನಡೆಯಲ್ಲ ಅಂತಲೂ ಗೊತ್ತು. ನಿಮ್ಮ ಸಂಬಳ ಪೂರ್ತಿ ಕಿತ್ತುಕೊಳ್ಳೋ, ಹೊಡೆಯೋ, ಹೊರಗೆ ಹೋಗೋಕೇ ಬಿಡದ ಮನೆಗೆ ಈ ಹಾಳೆ ಉಪಯೋಗ ಇಲ್ಲ. ಅಲ್ಲಿ ಮೊದಲು ಬೇಕಾದ್ದು ನಿಮ್ಮ ಹೆಸರಲ್ಲಿ ಒಂದು ಖಾತೆ, ನಂಬಬಹುದಾದ ಒಬ್ಬ ಹೊರಗಿನ ದೊಡ್ಡವರು, ಸುರಕ್ಷಿತವಾಗಿ ಇರೋಕೆ ಒಂದು ಜಾಗ. ಆಸೆಯ ವಿಷಯ ಆಮೇಲೆ.

ಹೆಜ್ಜೆ 6: ದಿನಾಂಕ ಹಾಕಿ

ಪ್ರಯೋಗಕ್ಕೆ ಆರು ತಿಂಗಳೋ ಒಂದು ವರ್ಷವೋ ಒಂದು ಕೊನೆ ಇಡಿ. ಅಳತೆಯನ್ನು ನಿಮ್ಮ ಕೈಯಲ್ಲಿರೋದರ ಮೇಲೆ ಇಡಿ: ಎಷ್ಟು ಮುಗಿಸಿದೆ, ಎಷ್ಟು ಜನರಿಗೆ ತೋರಿಸಿದೆ, ಎಷ್ಟು ಕಡೆ ಕಳಿಸಿದೆ. ಹೆಸರು ಬಂತಾ ಅನ್ನೋದು ನಿಮ್ಮ ಕೈಯಲ್ಲಿಲ್ಲ. ನನ್ನ ಮೊದಲ ಆರು ತಿಂಗಳ ಗುರಿ 100 ಚಿತ್ರ, 20 ಪ್ರಕಾಶಕರಿಗೆ ಪತ್ರ. ಚಿತ್ರ 83 ಆದವು, ಪತ್ರ 20 ಆದವು, ಉತ್ತರ ಎರಡು ಬಂದವು, ಎರಡೂ "ಸದ್ಯಕ್ಕೆ ಬೇಡ". ಗಡುವನ್ನು ಒಂದೇ ಒಂದು ಸಲ ಮುಂದೆ ಹಾಕಬಹುದು ಅಂತ ಹಾಳೆಯಲ್ಲಿ ಬರೆದಿದ್ದೆ, ಹಾಕಿದೆ. ಎರಡನೇ ಗಡುವಿಗೆ ಹದಿನಾರು ದಿನ ಇದ್ದಾಗ ಮೊದಲ ಕೆಲಸ ಬಂತು. ಬರದೇ ಇದ್ದಿದ್ದರೆ ನಿಲ್ಲಿಸುತ್ತಿದ್ದೆನಾ? ಹವ್ಯಾಸವಾಗಿ ಇಟ್ಟುಕೊಳ್ಳುತ್ತಿದ್ದೆ ಅಂತ ಈಗ ಸುಲಭವಾಗಿ ಹೇಳಿಬಿಡಬಹುದು. ಆಗ ಮಾತ್ರ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ವಾರಕ್ಕೆ ನಾಲ್ಕು ದಿನ ಸಾಕಾ ಅಂತ ಕಂಪನಿಯಲ್ಲಿ ಕೇಳಿದ್ದು ಮೂರನೇ ವರ್ಷ, ಅಷ್ಟೊತ್ತಿಗೆ ತೋರಿಸೋಕೆ ಕೈಯಲ್ಲಿ ನಾಲ್ಕು ಪುಸ್ತಕ ಇತ್ತು. ಸಂಬಳ ಕಡಿಮೆಯಾಯಿತು, ಅದೂ ಹಾಳೆಯಲ್ಲಿ ಮೊದಲೇ ಇತ್ತು.

ಮಧ್ಯದಲ್ಲಿ ಮನೆಯಲ್ಲಿ ಯಾರಾದರೂ ಕಾಯಿಲೆ ಬಿದ್ದರೆ ಗಡುವಿನ ಗಡಿಯಾರ ನಿಲ್ಲಿಸಿ. ಕೆಲಸ ಪೂರ್ತಿ ನಿಲ್ಲಿಸಬೇಡಿ, ಹತ್ತು ನಿಮಿಷಕ್ಕೆ ಇಳಿಸಿ. ಅಮ್ಮ ಆಸ್ಪತ್ರೆಯಲ್ಲಿದ್ದ ಮೂರು ವಾರ ನಾನು ಔಷಧಿ ಚೀಟಿಗಳ ಹಿಂದೆ ಅಲ್ಲಿದ್ದವರ ಕೈಗಳನ್ನು ಬಿಡಿಸಿದೆ. ಬರೀ ಕೈಗಳು.

ಹೆಜ್ಜೆ 7: ಇದರಿಂದ ದುಡ್ಡು ಬರಲೇಬೇಕಾ?

ಇದನ್ನು ಕೇಳಿಕೊಳ್ಳದೆ ಬಹಳ ಜನ ಮುಂದೆ ಹೋಗಿಬಿಡುತ್ತಾರೆ. 1973ರಲ್ಲಿ ಮಾರ್ಕ್ ಲೆಪರ್, ಡೇವಿಡ್ ಗ್ರೀನ್, ರಿಚರ್ಡ್ ನಿಸ್ಬೆಟ್ ಅನ್ನೋ ಸಂಶೋಧಕರು ಬಣ್ಣದ ಪೆನ್ನಿಂದ ಚಿತ್ರ ಬಿಡಿಸೋ ಪುಟ್ಟ ಮಕ್ಕಳಲ್ಲಿ ಕೆಲವರಿಗೆ ಚಿತ್ರ ಬಿಡಿಸಿದರೆ ಬಹುಮಾನ ಕೊಡುತ್ತೇವೆ ಅಂತ ಮೊದಲೇ ಹೇಳಿ, ಕೊಟ್ಟರು ಕೂಡ. ಆಮೇಲೆ ಬಹುಮಾನ ಇಲ್ಲದ ಹೊತ್ತಲ್ಲಿ ನೋಡಿದರೆ ಆ ಮಕ್ಕಳು ಉಳಿದವರಿಗಿಂತ ಸುಮಾರು ಅರ್ಧ ಹೊತ್ತು ಮಾತ್ರ ಚಿತ್ರ ಬಿಡಿಸಿದರು. ದೊಡ್ಡವರಿಗೆ ಇದು ಪೂರ್ತಿ ಹೀಗೇ ಅನ್ವಯಿಸುತ್ತದೆ ಅನ್ನಲ್ಲ. ಆದರೆ ನನಗಂತೂ ಸಂಭಾವನೆಯ ಚಿತ್ರ ಬಿಡಿಸಿದ ದಿನ ನನ್ನದೇ ಚಿತ್ರಕ್ಕೆ ಕೈ ಏಳಲ್ಲ.

ಹಾಗಾಗಿ ಕೆಲಸ ಬಿಡದೇ ಇರೋದನ್ನು ಸೋಲು ಅಂತ ನೋಡಬೇಡಿ. ಅಮೆರಿಕದ ಕವಿ ವಾಲೆಸ್ ಸ್ಟೀವನ್ಸ್ ಹಾರ್ಟ್‌ಫರ್ಡ್ ನಗರದ ವಿಮಾ ಕಂಪನಿಯಲ್ಲಿ ವಕೀಲನಾಗಿ ಸೇರಿ 1934ರಲ್ಲಿ ಉಪಾಧ್ಯಕ್ಷನಾದ. ಕಚೇರಿಗೆ ನಡೆದು ಹೋಗುವಾಗ ಮನಸ್ಸಲ್ಲೇ ಕವಿತೆ ಕಟ್ಟುತ್ತಿದ್ದ. 1955ರಲ್ಲಿ ಪುಲಿಟ್ಜರ್ ಪ್ರಶಸ್ತಿ ಬಂತು. ಪಾಠ ಹೇಳೋಕೆ ಹಾರ್ವರ್ಡ್ ವಿಶ್ವವಿದ್ಯಾಲಯ ಕರೆದಾಗಲೂ ಕಂಪನಿ ಬಿಟ್ಟು ಹೋಗಲಿಲ್ಲ. ಅವನಿಗೆ ಎರಡೂ ಬೇಕಿತ್ತು.

ನನ್ನ ಹಾಳೆ ಈಗ ನಾಲ್ಕನೇ ಸಲ ಬರೆದದ್ದು. ಮೂರು ಹಳೆಯವು ಮೇಜಿನ ಡ್ರಾಯರಿನಲ್ಲಿವೆ. ಮೇಜು ಇನ್ನೂ ನಡುಮನೆಯಲ್ಲೇ ಇದೆ, ಅದರ ಪಕ್ಕ ಆ ರಿಪೇರಿ ಮಾಡಿದ ಕುರ್ಚಿ. ಪ್ರತಿ ತಿಂಗಳ ಮೊದಲ ವಾರ ಅಪ್ಪ ಅದರ ಮೇಲೆ ಕೂತು, ಪಾಸ್‌ಬುಕ್ ತಿರುವಿ ಹಾಕಿ, "ಈ ತಿಂಗಳು ಎಷ್ಟು ಚಿತ್ರ?" ಅಂತ ಕೇಳುತ್ತಾರೆ. ಮೊನ್ನೆ ಹದಿನೇಳು ಅಂದೆ.

"ಹೋದ ತಿಂಗಳು ಇಪ್ಪತ್ತೊಂದಿತ್ತಲ್ಲ?" ಅಂದರು.